ಮಾವನ ಅಂಗಿಯ ಧೂಳು

ನಮ್ಮ ನಿಪ್ಪಾಣಿಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಗಾಳಿಯಲ್ಲೇ ತಂಬಾಕಿನ ಘಾಟಿರುವ ಊರಿನಲ್ಲಿ ಕೆಮ್ಮೆನ್ನುವುದು ವ್ಯಾಧಿಯಲ್ಲ, ಒಂದು ಬಗೆಯ ಕುಶಲಪ್ರಶ್ನೆ. ಕನ್ನಡ-ಮರಾಠಿಯ ತಂಟೆಯಿಲ್ಲದೆ ಸರ್ವರಿಗೂ ಅರ್ಥವಾಗುವ ಭಾಷೆಯೂ ಅದೊಂದೇ. ನಾನಂತೂ ಪರರ ಮನೆಯ ಬಾಗಿಲು ತಟ್ಟುವ ಬದಲು ಹೊರಗೆ ನಿಂತು ಕೆಮ್ಮುವವನು.

ಹೀಗಾಗಿ ನನ್ನ ಸೋದರತ್ತೆ ಸುಶೀಲಾಬಾಯಿಯ ಗಂಡ ಭರಮಪ್ಪ ಮಾವ ಕೆಮ್ಮಿ ಕೆಮ್ಮಿಯೇ ತೀರಿಕೊಂಡಾಗ ನಾವೆಲ್ಲ ತಂಬಾಕನ್ನೇ ಅಪರಾಧಿಯಾಗಿಸಿ ಸುಮ್ಮನಾದೆವು. ಅವರು ಬೀಡಿಯನ್ನೂ ಮುಟ್ಟಿದವರಲ್ಲ ಎಂಬ ಸಣ್ಣ ಸಂಗತಿ ನಮ್ಮನ್ನು ಕಾಡಲಿಲ್ಲ. ಗೋದಾಮುಗಳ ಮಾಡಿಗೆ ಸಿಮೆಂಟಿನ ಪತ್ರಾಸು, ಅಂದರೆ ಶೀಟು, ಹೊದಿಸುವುದು ಅವರ ಕೆಲಸ. ದಿನವಿಡೀ ಗರಗಸದಿಂದ ಪತ್ರಾಸು ಕೊಯ್ದು, ಸಂಜೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಬೆಳ್ಳಗಾಗಿ ಮನೆಗೆ ಬರುವರು. ಅತ್ತೆ ಅವರ ಅಂಗಿಯನ್ನು ಹಿತ್ತಲಿನಲ್ಲಿ ಪಟಪಟನೆ ಝಾಡಿಸಿ ಒಗೆಯುವಳು. ಇಳಿಬಿಸಿಲಿನಲ್ಲಿ ಆ ಧೂಳು ಮಿನುಗುವುದನ್ನು ನಾನು ರಸಿಕನಂತೆ ನಿಂತು ನೋಡಿದ್ದುಂಟು.

ಮಾವ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಈಚೆಗೆ, ಅತ್ತೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತು. ಮಿರಜಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ ಅತ್ತೆಯ ಕಡೆ ತಿರುಗಿದರು.

"ಆಜಿ, ನೀವು ಏನ್ ಕೆಲಸ ಮಾಡ್ತಿದ್ರಿ?"

"ನಂದೇನ್ ಕೆಲಸ್ರೀ? ಅಡಗಿ, ಕಸ, ಬಟ್ಟಿ."

"ಯಾರ ಬಟ್ಟಿ?"

ಮಾವನ ಕೆಲಸ, ಅವರ ಅಂಗಿಯ ಬಿಳಿ ಧೂಳು, ಎಲ್ಲವನ್ನೂ ನಾನೇ ಡಾಕ್ಟರಿಗೆ ಹೇಳಿದೆ. ಹಳೆಯ ಪತ್ರಾಸಿನಲ್ಲಿ ಸಿಮೆಂಟಿನೊಡನೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರುತ್ತದಂತೆ; ಮಾಡಿನ ಮೇಲೆ ಅಖಂಡವಾಗಿದ್ದಷ್ಟು ಕಾಲ ಹೆಚ್ಚೇನೂ ಮಾಡದ ಅದು, ಕೊಯ್ದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳಾಗಿ ಎದೆಗಿಳಿದು, ದಶಕಗಟ್ಟಲೆ ಸದ್ದಿಲ್ಲದೆ ಕೂತಿರುತ್ತದಂತೆ. ವಾಸಿಯಾಗುವಂಥದಲ್ಲ, ತುಸು ಸಂಭಾಳಿಸಬಹುದು ಎಂದರು.

ಮನೆಗೆ ಬಂದವಳೇ ಅತ್ತೆ ತನ್ನ ಟ್ರಂಕು ತೆರೆದಳು. ತಳದಲ್ಲಿ ಮಾವ ಕಡೆಯ ಸಲ ಕೆಲಸಕ್ಕೆ ತೊಟ್ಟ ಅಂಗಿ, ಒಗೆಯದೆ ಮಡಿಚಿಟ್ಟದ್ದು.

"ಇದ್ರಾಗ ಅವ್ರ ವಾಸನಿ ಐತಿ. ನೆನಪಾದಾಗೆಲ್ಲಾ ಮುಖಕ್ಕ ಹಿಡ್ಕೊಂಡು ಕುಂದ್ರತಿದ್ನಿ," ಎಂದಳು.

ನಾನು ಹೌಹಾರಿದೆ. "ಅತ್ತೀ, ಮುಟ್ಟಬ್ಯಾಡ!"

"ಗೊತ್ತಾತ್ ಬಿಡೋ. ನೀರ್ ತಾ."

ತಂದುಕೊಟ್ಟೆ. ಅಂಗಿಯನ್ನು ಎತ್ತದೆಯೇ, ಧೂಳು ಏಳದಂತೆ, ಅವಳು ಮೆಲ್ಲಗೆ ನೀರು ಹನಿಸಿ ಪೂರಾ ತೋಯಿಸಿದಳು. ಬೂದಿಬಣ್ಣದ ನೀರು ಟ್ರಂಕಿನ ಮೂಲೆಗೆ ಹರಿದು ನಿಂತಿತು. ಮೂಗುಬಾಯಿ ಕಟ್ಟಿಕೊಂಡು ನಾನು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸುವಾಗ, ದೂರ ನಿಂತ ಅತ್ತೆ ಕೇಳಿದಳು:

"ಪತ್ರಾಸೂ ಹಿಂಗ ತೋಯಿಸಿ ಕೊಯ್ದಿದ್ರ, ಅವ್ರೂ ಉಳೀತಿದ್ರೇನೋ?"

ನಾನು ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿದೆ.