ಉಸಿರಿಗೆ ಕಾವಲು

ಹುಣಸೆ ಬೀಜದ ಗಂಜಿ ಹಚ್ಚಿದ ಹೊಸ ಕಂಬಳಿಯ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಈಗಲೂ ಎದೆ ಬಿಗಿಯುತ್ತದೆ. ಎಪ್ಪತ್ತರ ದಶಕದಲ್ಲಿ, ಧರ್ಮಪುರದ ದಾರಿಯಲ್ಲಿದ್ದ ನಮ್ಮ ಮನೆಯ ತುಂಬ ಅದೇ ವಾಸನೆ. ಆ ಮನೆ ಈಗಿಲ್ಲ, ಗೋಡೆ ಕರಗಿ ಜಾಲಿ ಬೆಳೆದಿದೆ. ಅಪ್ಪ ಅವ್ವ ಕುರಿಯ ಹಿಂದೆ ಊರೂರು ತಿರುಗುತ್ತಿದ್ದರು; ಮನೆಯಲ್ಲಿ ಉಣ್ಣೆ ನೂಲುವ ಅಜ್ಜಿ, ಅವಳ ಪಕ್ಕದಲ್ಲಿ ಉಬ್ಬಸದ ನಾನು. ನಮ್ಮ ಕಡೆ ಅದಕ್ಕೆ ದಮ್ಮು ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಗೊತ್ತಿರುತ್ತದೆ, ಹಗಲೆಲ್ಲ ಸುಮ್ಮನಿದ್ದು ಬೆಳಗಿನ ಜಾವದ ನಿದ್ದೆಯಲ್ಲಿ ಬಂದು ಕುತ್ತಿಗೆ ಹಿಡಿಯುತ್ತದೆ. ನಾನು ಹುಟ್ಟುವ ಮೊದಲೇ ಅಜ್ಜಿಯ ಕಿರಿಮಗ, ನನ್ನ ಚಿಕ್ಕಪ್ಪ, ಅದೇ ಕಾಯಿಲೆಯಲ್ಲಿ, ಮಲಗಿದಲ್ಲೇ ಹೋಗಿದ್ದನಂತೆ. ಹಾಗಾಗಿ ನಿದ್ದೆಯೇ ದಮ್ಮನ್ನು ಕರೆತರುತ್ತದೆ ಎಂದು ಅಜ್ಜಿ ತೀರ್ಮಾನಿಸಿಬಿಟ್ಟಿದ್ದಳು. ರಾತ್ರಿ ರಾಟೆ ತಿರುಗಿಸುತ್ತ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಗಟು ಕೇಳುತ್ತಿದ್ದಳು. ತೂಕಡಿಸಿದರೆ ಅಂಗಾಲಿಗೆ ತಣ್ಣನೆಯ ಹಿತ್ತಾಳೆ ಚೊಂಬು ತಾಗಿಸುತ್ತಿದ್ದಳು. "ಲೇ, ಕಣ್ಣು ಮುಚ್ಚಬ್ಯಾಡ. ಬಾಗ್ಲಾಗೇ ನಿಂತೈತೆ ಅದು."

ಇಷ್ಟು ಕಾದರೂ ದಮ್ಮು ಹೆಚ್ಚುತ್ತಲೇ ಹೋಯಿತು. ಅಪರೂಪಕ್ಕೆ ಬರುತ್ತಿದ್ದದ್ದು ದಿನಾ ಬರತೊಡಗಿತು. ನಕ್ಕರೂ ಎದೆ ಸಿಳ್ಳೆ ಹಾಕುತ್ತಿತ್ತು. ಶಾಲೆಯಲ್ಲಿ ಕೂತಲ್ಲೇ ನಿದ್ದೆ. "ಏನಪ್ಪ, ರಾತ್ರಿ ಯಾವ ಮನೆಗೆ ಕನ್ನ ಹಾಕಿ ಬಂದೆ?" ಎಂದು ಮೇಷ್ಟ್ರು ಕೇಳಿದರೆ, "ಇವ್ನು ಸಿಳ್ಳೆ ಹೊಡೀತಾನಲ್ಲ ಸಾ, ಮನೆಯೋರು ಎದ್ಬಿಟ್ರಂತೆ" ಎಂದು ಹಿಂದಿನ ಸಾಲಿನವರು ಉತ್ತರ ಕೊಡುತ್ತಿದ್ದರು. ಒಂದು ದಿನ ನಿದ್ದೆಯಲ್ಲಿ ಜೊಲ್ಲು ಸುರಿದು ಸ್ಲೇಟಿನ ಮೇಲೆ ಬರೆದದ್ದೆಲ್ಲ ಅಳಿಸಿಹೋಯಿತು. ಇಡೀ ತರಗತಿಯ ನಗುವಿಗೆ ಎಚ್ಚರಗೊಂಡು ಎದ್ದವನು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಕುರಿ ಕಾಯಲು ಆಳಿರಲಿಲ್ಲ, ಅದಕ್ಕೇ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತ ಬಂದೆ. ದುಡಿದು ತಿಂದ ಮೈ ಇದು, ಯಾರ ಮುಂದೆಯೂ ಬಗ್ಗಿದ್ದಲ್ಲ. ಆದರೂ ಆ ಸ್ಲೇಟು ನೆನಪಾದರೆ ಇವತ್ತಿಗೂ ತಲೆ ತಗ್ಗುತ್ತದೆ.

ಕೊನೆಗೆ ತುಟಿ ನೀಲಿಗಟ್ಟಿದಾಗ ಅಜ್ಜಿ ಹಿರಿಯೂರಿಗೆ ಕರೆದೊಯ್ದಳು. ಸೂಜಿ ಚುಚ್ಚಿದ ಡಾಕ್ಟರಿಗೆ ತನ್ನ ಕಾವಲಿನ ಕತೆಯನ್ನು ಹೆಮ್ಮೆಯಿಂದಲೇ ಹೇಳಿದಳು. ಅವರು ಬೈಯಲಿಲ್ಲ. "ನಿದ್ದೆಗೆಟ್ರೆ ದಮ್ಮು ಇನ್ನೂ ಜಾಸ್ತಿ ಆಗುತ್ತಮ್ಮ. ತಲೆ ಎತ್ತರ ಮಾಡಿ ಮಲಗಿಸ್ರಿ, ಉಣ್ಣೆ ದೂರ ಇಡ್ರಿ. ಉಸಿರು ಕಟ್ಟಿದ್ರೆ ಮಾತ್ರ ಎಬ್ಬಿಸಿ ಮಾತ್ರೆ ಕೊಡ್ರಿ" ಎಂದರು. ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಆಚೆಗೇ ನೋಡುತ್ತ, "ನಿಮ್ಮ ಚಿಕ್ಕಪ್ಪನ್ನೂ ಹಿಂಗೇ ಕುಂದ್ರುಸ್ಕೊಂತಿದ್ನಲ್ಲೋ" ಎಂದಳು. ನಾನು ಅವಳ ತೊಡೆಗೆ ಒರಗಿದೆ, ಅಲ್ಲೇ ನಿದ್ದೆ ಹತ್ತಿತು. ಎಚ್ಚರವಾದದ್ದು ಕಂಡಕ್ಟರನ ರೇಗಾಟಕ್ಕೆ. "ನಿಮ್ಮೂರು ಹೋಗಿ ಎಷ್ಟೊತ್ತಾತಜ್ಜಿ! ಕೂಗಿದ್ನಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತಪ್ಪ," ಅಂದಳು ಅಜ್ಜಿ. ನನ್ನ ಕಣ್ಣಿನ ಮೇಲೆ ಅವಳ ಅಂಗೈ ಅಡ್ಡವಿತ್ತು. "ಮೆಲ್ಲಕೆ ಮಾತಾಡು. ಹುಡುಗ ಮಲಗೈತೆ."

ನಾನು ಕಣ್ಣು ಬಿಡಲಿಲ್ಲ.