ಔರಾದ್ ಬಾವಿಯ ಜಿಲೇಬಿ ಮೀನು

2016ರ ಏಪ್ರಿಲ್‌ನ ಮೊದಲ ಸೋಮವಾರ ಬೆಳಿಗ್ಗೆ, ಬೀದರ್‌ನ ಚಿದ್ರಿಯಲ್ಲಿರುವ ನನ್ನ ಅಕ್ಕ ಶಕುಂತಲಾಳ ಮನೆಯ ಮಾಳಿಗೆಯ ತೊಟ್ಟಿಯಲ್ಲಿ ಹನ್ನೆರಡು ರೋಹು ಮರಿಗಳು ಸತ್ತು ತೇಲಿದವು. ಹೀಗಾಗಿದ್ದು ಎರಡನೆಯ ಸಲ. ಸಾವಿರ ಲೀಟರ್‌ನ ತೊಟ್ಟಿ ಅದು. ಮೀನಿನ ನೀರು ಸಣ್ಣ ಪಂಪಿನಿಂದ ಪಕ್ಕದ ಜಲ್ಲಿಕಲ್ಲಿನ ಪಾತಿಗೆ ಏರಿ, ಪುಂಡಿ ಮತ್ತು ಮೆಂತ್ಯೆ ಸೊಪ್ಪಿಗೆ ಗೊಬ್ಬರವಾಗಿ, ಮತ್ತೆ ತೊಟ್ಟಿಗೆ ಇಳಿಯುತ್ತಿತ್ತು. ಓಣಿಗೆ ವಾರಕ್ಕೊಮ್ಮೆ ಟ್ಯಾಂಕರ್ ಬರುತ್ತಿದ್ದ ದಿನಗಳಲ್ಲಿ, ನೀರು ವ್ಯರ್ಥವಾಗುವುದಿಲ್ಲವೆಂದೇ ಮನೆಯವರು ಇದಕ್ಕೆ ಒಪ್ಪಿದ್ದರು.

ಅಕ್ಕನ ಅತ್ತೆ ರತ್ನಾಬಾಯಿ ಅಂದೇ ಷರತ್ತು ಹಾಕಿದರು. "ಮೂರನೇ ಸಲ ಸತ್ವು ಅಂದ್ರ ಟಾಕಿ ನಂದವ್ವಾ. ಕುಡಿಯೋ ನೀರ ತುಂಬಸ್ತೇನಿ. ನಿನ್ನ ಮೀನಿಗಿ ಎಷ್ಟಂತ ಅಳಲಿ?"

ಮರುದಿನ ಏಳು ಗಂಟೆಗೆ ಅಕ್ಕ, ನಾನು ಒಂದು ಹಾಲಿನ ಕ್ಯಾನ್ ಹಿಡಿದು ಭಾಲ್ಕಿ ಬಸ್ಸು ಹತ್ತಿದೆವು. ಪಕ್ಕದಲ್ಲಿ ನಿಂತಿದ್ದ ಹೈದರಾಬಾದ್ ಬಸ್ಸಿನ ಮೇಲೆ ಗುಳೆ ಹೊರಟವರು ಹಾಸಿಗೆ ಸುರುಳಿ, ಸ್ಟೋವ್, ಕೊಡಗಳನ್ನು ಕಟ್ಟುತ್ತಿದ್ದರು. ಭಾಲ್ಕಿ ಸುಮಾರು ನಲವತ್ತು ಕಿಲೋಮೀಟರ್. ಒಂಬತ್ತಕ್ಕೆ ಮುಟ್ಟುವಷ್ಟರಲ್ಲಿ ಕ್ಯಾನಿನ ಹಿಡಿಕೆ ಕೈ ಸುಡುತ್ತಿತ್ತು.

ಮೀನುಮರಿ ಮಾರುವ ಖಾಜಾಮಿಯಾ ನಮಗೆ ಏನನ್ನೂ ಮಾರಲಿಲ್ಲ. ಮೊದಲು ವಿಚಾರಣೆ ನಡೆಸಿದರು.

"ಟ್ಯಾಂಕರ್ ನೀರ ಯಾವಾಗ ಹಾಕದ್ರಿ?"

"ಐತವಾರ ಸಂಜಿಗಿ. ಬಂದ ಕೂಡ್ಲೇ ಪೈಪ್ ಹಚ್ಚಿ ತುಂಬಿಸಿದ್ವಿ," ಎಂದಳು ಅಕ್ಕ.

"ಬ್ಲೀಚಿಂಗ್ ವಾಸನಿ ಇತ್ತೇನ್ರಿ?"

"ಇತ್ರಿ. ಚೊಕ್ಕ ನೀರು ಅಂತ ಖುಷಿ ಪಟ್ವಿ."

"ಮನುಷ್ಯಾರಿಗಿ ಚೊಕ್ಕ, ಬಾಯಿ. ಮೀನಿಗಿ ಜಹರ್."

ಹೊಸ ನೀರನ್ನು ಎರಡು ದಿನ ಬಿಸಿಲಿಗೆ ತೆರೆದಿಟ್ಟು ಆಮೇಲೆ ಹಾಕಬೇಕು ಎಂದರು. ರೋಹುವಿಗೆ ಕೆರೆಯಷ್ಟು ಜಾಗ ಬೇಕು, ತೊಟ್ಟಿಗೆ ಅದು ಆಗದು. ಮರಲ್ ಮೀನು ತರಲೇ ಎಂದು ಅಕ್ಕ ಕೇಳಿದಳು. "ತರ್ರಿ. ಒಂದ ಉಳೀತದ, ಉಳದದ್ದೆಲ್ಲಾ ಅದರ ಹೊಟ್ಟ್ಯಾಗ ಇರ್ತದ." ಕೊನೆಗೆ ಜಿಲೇಬಿ ಮೀನಿನ ಹೆಸರು ಹೇಳಿದರು. ಬಿಸಿ ನೀರು, ಕಡಿಮೆ ನೀರು ಎರಡನ್ನೂ ಅದು ತಡೆಯುತ್ತದೆ. ವಿಪರೀತ ಮರಿ ಹಾಕುವುದರಿಂದ ಕೆರೆಗೆ ಮಾತ್ರ ಬಿಡಬಾರದು. ಅವರ ಬಳಿ ಅದು ಇರಲಿಲ್ಲ. ಔರಾದ್ ಹತ್ತಿರ ಕುರಿ ಸಾಕುವ ಮಲ್ಲಪ್ಪನ ಬಾವಿಯಲ್ಲಿ ಇದೆ ಎಂದರು. ಅಕ್ಕ ಮನೆಗೆ ಫೋನ್ ಮಾಡಿ, ತೊಟ್ಟಿಯ ಮುಚ್ಚಳ ತೆಗೆದು ಪಂಪು ಓಡಿಸುತ್ತಿರಲು ಅತ್ತೆಗೆ ಹೇಳಿದಳು.

ಔರಾದ್ ತಲುಪಿದಾಗ ಒಂದೂವರೆ. ರೊಟ್ಟಿ, ಶೇಂಗಾ ಹಿಂಡಿ ತಿಂದು ಎರಡು ಕಿಲೋಮೀಟರ್ ನಡೆದೆವು. ಮಲ್ಲಪ್ಪನ ಬಾವಿಯಲ್ಲಿ ಮೊಣಕಾಲುದ್ದ ನೀರಿತ್ತು. ಮೆಟ್ಟಿಲಿಳಿದು ಕೈ ಅದ್ದಿದೆ. ನೀರು ಬೆಚ್ಚಗಿತ್ತು. ಮೀನುಗಳು ಬೆರಳಿನ ಸುತ್ತ ಬಂದವು.

"ಎಂಟ ದಿನಕ್ಕ ತಳ ಕಾಣ್ತದ್ರಿ," ಎಂದಳು ಅವನ ಹೆಂಡತಿ ಕಾಶಮ್ಮ. "ಒಯ್ರಿ. ನಿಮ್ಮಲ್ಲರೆ ಬದುಕ್ಲಿ."

ಮಲ್ಲಪ್ಪ ಬುಟ್ಟಿಯಲ್ಲಿ ಹದಿನಾರು ಮೀನು ಹಿಡಿದು, ಬಾವಿಯ ನೀರಿನೊಂದಿಗೆ ಕ್ಯಾನಿಗೆ ಹಾಕಿಕೊಟ್ಟ. ರೊಕ್ಕ ಮುಟ್ಟಲಿಲ್ಲ. "ಬೀಜ ನಾವು ಮಾರಲ್ರಿ. ಜ್ವಾಳದ ಬೀಜ ಒಯ್ದವರು ಜ್ವಾಳಾನೇ ತಂದು ಹಾಕ್ತಾರ. ಬಾವಿ ತುಂಬಿದ ಮ್ಯಾಲ ನೀವು ಮರಿ ತಂದು ಬಿಡ್ರಿ."

ಬೀದರ್ ಬಸ್ಸಿನಲ್ಲಿ ಅಕ್ಕ ಮಗ್ಗಿನಿಂದ ನೀರೆತ್ತಿ ಕ್ಯಾನಿಗೆ ಮೇಲಿಂದ ಸುರಿಯುತ್ತಲೇ ಇದ್ದಳು. ಹಾಗೆ ಗಾಳಿ ಬೆರೆಸದಿದ್ದರೆ ಮೀನುಗಳಿಗೆ ಉಸಿರುಗಟ್ಟುತ್ತದೆ. ಪಕ್ಕದ ಸೀಟಿನ ಹೆಂಗಸು ತುಸು ಹೊತ್ತು ನೋಡಿದಳು.

"ಹಾಲ ಆರಸ್ಲಿಕತ್ತೀರೇನ್ರಿ ಬಾಯಾರ?"

"ಮೀನವ ರೀ."

"ಅಯ್ಯ, ಮೀನಿಗಿ ಇಷ್ಟು ಸೇವಾನಾ? ನನ್ನ ಗಂಡಗೂ ನಾ ಇಷ್ಟು ಗಾಳಿ ಹಾಕಿಲ್ಲ." ಹಾಗೆಂದು ಮಗ್ಗು ಕಸಿದುಕೊಂಡು, ತಾನು ಇಳಿಯುವವರೆಗೆ ಅವಳೇ ಸುರಿದಳು.

ಚಿದ್ರಿ ಮುಟ್ಟಿದಾಗ ಆರು ಗಂಟೆ. ತೊಟ್ಟಿಯ ನೀರಿನಲ್ಲಿ ಬ್ಲೀಚಿಂಗ್ ವಾಸನೆ ಉಳಿದಿರಲಿಲ್ಲ. ಕ್ಯಾನನ್ನು ಅರ್ಧ ಗಂಟೆ ತೊಟ್ಟಿಯೊಳಗೆ ನಿಲ್ಲಿಸಿ, ಎರಡೂ ನೀರಿನ ಬಿಸಿ ಸಮವಾದ ಮೇಲೆ ಮೀನು ಬಿಟ್ಟೆವು.

ಬೆಳಿಗ್ಗೆ ನಾವು ಏಳುವ ಮೊದಲೇ ರತ್ನಾಬಾಯಿ ಮಾಳಿಗೆ ಹತ್ತಿದ್ದರು. ಮೇಲಿಂದಲೇ ಕೂಗಿ ಹೇಳಿದರು: "ಹದಿನಾರೂ ಅವ. ಒಂದಂತೂ ನನ್ನೇ ನೋಡ್ಲಿಕತ್ತದ. ಏನರೆ ತಿನ್ಲಿಕ್ಕಿ ಹಾಕ್ರಿ." ಅಕ್ಕ ಮೆಟ್ಟಿಲ ಮೇಲೆಯೇ ಕುಳಿತು ಚಹಾ ಕುಡಿದಳು.

ಸೆಪ್ಟೆಂಬರ್‌ನಲ್ಲಿ ಮಳೆ ಸುರಿಯಿತು. ಅಕ್ಟೋಬರ್‌ನಲ್ಲಿ ಅಕ್ಕ ಮತ್ತು ರತ್ನಾಬಾಯಿ ತೊಟ್ಟಿಯಲ್ಲೇ ಹುಟ್ಟಿದ ನಲವತ್ತು ಮರಿಗಳನ್ನು ಅದೇ ಕ್ಯಾನಿನಲ್ಲಿ ಔರಾದ್‌ಗೆ ಒಯ್ದು ಮಲ್ಲಪ್ಪನ ಬಾವಿಗೆ ಬಿಟ್ಟುಬಂದರು.