ಮಂಡಕ್ಕಿ ಭಟ್ಟಿಯಲ್ಲಿ ಕಂಡದ್ದು

“ಆಂಟಿ, ಈ ವಿಡಿಯೋ ನಿಮಗೆ ಯಾರು ಕಳ್ಸ್ಯಾರ್ರಿ? ಯಾವೂರಾಗ ತೆಗೆದಾರ್ರಿ?”

ಒಂಬತ್ತನೇ ತರಗತಿಯ ಸಮೀನಾ ನೋಟ್‌ಬುಕ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮಂಡಕ್ಕಿಗೆ ಪ್ಲಾಸ್ಟಿಕ್ ಬೆರೆಸುತ್ತಾರೆಂಬ ಆ ವಿಡಿಯೋವನ್ನು ವಿನೋಬನಗರದ ನಮ್ಮ ಮಹಿಳೆಯರ ಗುಂಪಿಗೆ ಹಾಕಿದವಳು ನಾನು. ಅವಳ ಅಪ್ಪನದು ಮಂಡಕ್ಕಿ ಭಟ್ಟಿ. ಬೀದಿಯವರೆಲ್ಲ ಅವರಲ್ಲಿ ಕೊಳ್ಳುವುದನ್ನೇ ಬಿಟ್ಟಿದ್ದರು.

“ಯಾರೋ ಕಳಿಸಿದ್ದು, ನೆನಪಿಲ್ಲಮ್ಮ,” ಎಂದೆ.

ಅದನ್ನೂ ಬರೆದುಕೊಂಡಳು. “ಸುದ್ದಿ ಎಲ್ಲಿಂದ ಬಂತು ಅಂತ ಕೇಳ್ಕೊಂತ ಹಿಂದಕ್ಕೆ ಹೋಗ್ರಿ ಅಂತ ಟೀಚರ್ ಹೇಳ್ಕೊಟ್ಟಾರ್ರಿ. ನಾ ಕೇಳಿದೋರಾಗ ನೀವು ಏಳನೇಯೋರು. ಒಬ್ರೂ ಕಣ್ಣಾರೆ ನೋಡಿಲ್ರಿ. ನೀವಾದ್ರೂ ಬಂದು ನೋಡ್ರಿ.”

ಹೋದೆ. ಭಟ್ಟಿಯೊಳಗೆ ನೀಲಿ ಹೊಗೆ, ಅದರ ನಡುವೆ ಒಂದು ಬಿಸಿಲುಕೋಲು. ಅವಳಪ್ಪ ಕಾದ ಮರಳಿಗೆ ಉಪ್ಪುನೀರಲ್ಲಿ ನೆನೆದ ಅಕ್ಕಿ ಸುರಿದರು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಣಲೆ ತುಂಬ ಬಿಳಿ ಅರಳಿ, ಮೆಲ್ಲಗೆ ಪಿಸುಗುಟ್ಟುತ್ತ ಮೇಲೆದ್ದಿತು. ನಾನು ಬಂದ ಕೆಲಸವೇ ಮರೆತುಹೋಯಿತು.

“ತಿನ್ರಿ ಅಕ್ಕಾರ, ಹೆದರಬ್ಯಾಡ್ರಿ,” ಎಂದು ಅವರು ನಕ್ಕರು.

ಅಲ್ಲೇ ನಿಂತು ಗುಂಪಿಗೆ ತಪ್ಪಾಯಿತೆಂದು ಬರೆದೆ. ಮರುದಿನ ಕೊಂಡವರು ಇಬ್ಬರೇ. ಉಳಿದವರ ಮನೆಗಳಿಗೆ ಒಂದೊಂದು ಸೇರು ಮಂಡಕ್ಕಿ ಹಿಡಿದು ಈಗ ನಾನೇ ಹೋಗುತ್ತಿದ್ದೇನೆ.